ಅರ್ಧ ಟ್ಯಾಂಕ್ ಬೋರ್ ನೀರು: ಕೋಲಾರದ ಒಂದು ಅಕ್ವೇರಿಯಂ ಪ್ರಕರಣ

ಕೋಲಾರ ಪಟ್ಟಣದ ಮನೆ, ಕ್ಲಿನಿಕ್, ಹೋಟೆಲುಗಳಲ್ಲಿ ಇಟ್ಟಿರುವ ಅಕ್ವೇರಿಯಂಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಇಲ್ಲಿ ಬರೆಯುತ್ತಿರುವುದು ಒಂದೇ ಮನೆಯ ಒಂದೇ ಟ್ಯಾಂಕಿನ ಸಂಗತಿ. ಒಂದು ರಾತ್ರಿ ಕಳೆಯುವುದರೊಳಗೆ ಅಲ್ಲಿದ್ದ ಹನ್ನೊಂದು ಮೀನುಗಳಲ್ಲಿ ಏಳು ಸತ್ತವು. ಅದಕ್ಕೆ ಮುಂಚೆ ಆ ಮನೆಯಲ್ಲಿ ನಡೆದ ಕೆಲಸ ನಾನು ಫೋನಿನಲ್ಲಿ ಹೇಳಿ ಮಾಡಿಸಿದ್ದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ನೀರಿನ ಅಳತೆಗಳನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ಮನೆಯ ಹಿರಿಯರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೂರು ಅಡಿ ಉದ್ದದ ಟ್ಯಾಂಕ್ ತಂದಿದ್ದರು. ಕಲ್ಲು, ಗೊಂಬೆಗಳ ಜಾಗ ಕಳೆದರೆ ಅದರಲ್ಲಿ ಸುಮಾರು 135 ಲೀಟರ್ ನೀರು ನಿಲ್ಲುತ್ತಿತ್ತು. ಒಂದು ಸ್ಪಾಂಜ್ ಫಿಲ್ಟರ್, ಒಂದು ಗಾಳಿ ಮೋಟರ್, ಕೆಳಗೆ ಬಣ್ಣ ಹಚ್ಚಿದ ಜಲ್ಲಿ. ಮೀನುಗಳೆಂದರೆ ಐದು ಗೋಲ್ಡ್ ಫಿಶ್, ಮೂರು ಏಂಜಲ್, ಎಂಟು ಕಪ್ಪು ಮೋಲಿ, ಗಾಜು ನೆಕ್ಕುವ ಒಂದು ಸಕ್ಕರ್, ಜೊತೆಗೆ ಅಂಗಡಿಗಳಲ್ಲಿ ಶಾರ್ಕ್ ಅಂತ ಮಾರುವ ಎರಡು ಬೂದು ಮೀನು. ಅದು ಶಾರ್ಕ್ ಅಲ್ಲವೇ ಅಲ್ಲ. ಜಾಗ ಸಿಕ್ಕರೆ ಮೂರು ಅಡಿ ದಾಟಿ ಬೆಳೆಯುವ ಪಂಗಾಸಿಯಸ್ ಜಾತಿಯ ಮೀನು. ಈ ಸಂತೆಯನ್ನು ಒಂದೇ ಟ್ಯಾಂಕಿನಲ್ಲಿ ಇಡಬಾರದು ಅಂತ ಮೊದಲ ದಿನವೇ ಹೇಳಿದ್ದೆ. "ಮಗು ಕೈ ತೋರಿಸಿದ್ದನ್ನೆಲ್ಲ ತಂದೆ ಕಣಪ್ಪ" ಅಂದರು. ಮುಂದಿನ ಮಾತಿಗೆ ಜಾಗವೇ ಇರಲಿಲ್ಲ.

ಮೇಷ್ಟ್ರ ಹತ್ತಿರ ಒಂದು ನೋಟ್ ಬುಕ್ ಇತ್ತು. ಯಾವ ದಿನ ನೀರು ಬದಲಿಸಿದ್ದು, ಎಷ್ಟು ಬದಲಿಸಿದ್ದು, ಊಟ ಎಷ್ಟು ಚಿಟಿಕೆ, ಯಾವ ಮೀನು ಯಾವತ್ತು ಸತ್ತದ್ದು, ಎಲ್ಲವೂ ಗೆರೆ ಎಳೆದ ಕಾಲಂಗಳಲ್ಲಿ. ನಾನು ನೋಡಿಕೊಳ್ಳುವ ಮನೆಗಳಲ್ಲಿ ಇಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ. ಈ ಪ್ರಕರಣವನ್ನು ಬರೆಯಲು ಸಾಧ್ಯವಾದದ್ದೂ ಆ ನೋಟ್ ಬುಕ್ಕಿನಿಂದಲೇ.

ಇನ್ನು ನೀರಿನ ವಿಷಯ. ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಯಲ್ಲಿ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೆರೆಗಳಿಗೆ ಬರತೊಡಗಿದರೂ ಈ ಮನೆಯ ಸಂಪಿಗೆ ಬೀಳುವುದು ಸಾವಿರ ಅಡಿಗೂ ಕೆಳಗಿನ ಬೋರ್ ನೀರು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಗೀಸರ್ ಕಾಯಿಲ್ ಎರಡು ವರ್ಷ ಬಾಳುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದರಿಂದ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಜನ ಅದಕ್ಕೆ ಫಿಲ್ಟರ್ ನೀರು ಅನ್ನುತ್ತಾರೆ. ಆರ್‌ಒ ನೀರು ಅದು. ಪೊರೆಯ ಮೂಲಕ ಒತ್ತಡದಲ್ಲಿ ಹಾಯಿಸಿದಾಗ ಫ್ಲೋರೈಡ್ ಹೋಗುತ್ತದೆ, ಅದರ ಜೊತೆಗೆ ಸುಣ್ಣ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವೂ ಬಹುಪಾಲು ಹೋಗುತ್ತವೆ. ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಟಿಡಿಎಸ್ ಮೀಟರ್ ಮನೆಗೆ ಬಂದದ್ದು

ಮೊದಲ ಒಂದೂವರೆ ವರ್ಷ ಟ್ಯಾಂಕ್ ನಡೆದದ್ದು ಸಂಪಿನ ಬೋರ್ ನೀರಿನಲ್ಲೇ. ಗಾಜಿನ ಮೇಲ್ಗಡೆ ಬಿಳಿ ಗೆರೆ ಕಟ್ಟುತ್ತಿತ್ತು, ಅದನ್ನು ವಿನೆಗರ್ ಹಾಕಿ ಉಜ್ಜಬೇಕಿತ್ತು, ಅಷ್ಟೇ ಕಷ್ಟ. ಮೋಲಿಗಳು ಮೂರು ಸಲ ಮರಿ ಹಾಕಿದ್ದವು ಅಂತ ನೋಟ್ ಬುಕ್ಕಿನಲ್ಲಿದೆ.

ಯುಗಾದಿಗೆ ಬಂದ ಮಗ ಪೆನ್ನಿನಂಥ ಒಂದು ಟಿಡಿಎಸ್ ಮೀಟರ್ ತಂದುಕೊಟ್ಟ, ನೀರಿನಲ್ಲಿ ಒಟ್ಟು ಎಷ್ಟು ವಸ್ತು ಕರಗಿದೆ ಅಂತ ತೋರಿಸುವಂಥದ್ದು. ಸಂಪಿನ ನೀರಿಗೆ ಅದ್ದಿದರೆ 1,050. ಕ್ಯಾನ್ ನೀರಿಗೆ ಅದ್ದಿದರೆ 50. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕರಗಿದ ವಸ್ತು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಅದು ಮನುಷ್ಯರ ಮಾತು. ಆದರೆ ಸಂಖ್ಯೆ ಕಣ್ಣಿಗೆ ಬಿದ್ದ ಮೇಲೆ ಮೇಷ್ಟ್ರ ಮನಸ್ಸು ತಡೆಯಲಿಲ್ಲ. "ನಾವೇ ಬಾಯಿಗೆ ಹಾಕದ ನೀರಲ್ಲಿ ಮೀನನ್ನ ಹೇಗಪ್ಪ ಇಡೋದು?" ಅಂತ ಆಮೇಲೆ ನನ್ನನ್ನು ಕೇಳಿದ್ದರು. ಆ ವಾರದಿಂದಲೇ ಪ್ರತಿ ಭಾನುವಾರ 20 ಲೀಟರ್ ಹಳೆ ನೀರು ತೆಗೆದು ಒಂದು ಕ್ಯಾನ್ ಫಿಲ್ಟರ್ ನೀರು ಹಾಕತೊಡಗಿದರು. ಟ್ಯಾಂಕಿನ ಟಿಡಿಎಸ್ ವಾರವಾರವೂ ಇಳಿಯಿತು. ನೋಟ್ ಬುಕ್ಕಿನ ಆ ಕಾಲಂ ನೋಡಿದರೆ ರ‍್ಯಾಂಕ್ ಬಂದ ಹುಡುಗನ ಅಂಕಪಟ್ಟಿಯ ಹಾಗಿದೆ.

ನಾನು ಆ ಮನೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಶ್ರಾವಣದಲ್ಲಿ ಹೋದಾಗ ಗಾಜು ಕನ್ನಡಿಯ ಹಾಗಿತ್ತು, ಬಿಳಿ ಗೆರೆಯ ಸುಳಿವೇ ಇಲ್ಲ. "ಮೇಷ್ಟ್ರೇ, ಏನ್ ಚೆನ್ನಾಗಿ ಇಟ್ಕೊಂಡಿದ್ದೀರ" ಅಂತ ಹೊಗಳಿ, ಸ್ಪಾಂಜ್ ಹಿಂಡಿಕೊಟ್ಟು, ಕಾಫಿ ಕುಡಿದು ಬಂದೆ. ಕೋಲಾರದ ಬೋರ್ ನೀರಿನ ಟ್ಯಾಂಕಿನಲ್ಲಿ ಬಿಳಿ ಗೆರೆ ಇಲ್ಲವೆಂದರೆ ಒಳಗಿರುವುದು ಬೋರ್ ನೀರಲ್ಲ. ಇಷ್ಟು ಸರಳವಾದ ಲೆಕ್ಕ ಆವತ್ತು ನನ್ನ ತಲೆಗೆ ಹೊಳೆಯಲಿಲ್ಲ.

ತೊಂದರೆಯ ಲಕ್ಷಣಗಳು

ಅಷ್ಟರಲ್ಲಾಗಲೇ ಮೋಲಿಗಳು ಸಾಯತೊಡಗಿದ್ದವು. ಒಂದೇ ಜಾಗದಲ್ಲಿ ನಿಂತು ಚಳಿ ಹತ್ತಿದವರ ಹಾಗೆ ಮೈ ಅಲುಗಿಸುತ್ತಿದ್ದವು, ಮುಂದಕ್ಕೆ ಈಜುತ್ತಿರಲಿಲ್ಲ. ಹತ್ತು ಹದಿನೈದು ದಿನಕ್ಕೊಂದರಂತೆ ದಸರಾ ಹೊತ್ತಿಗೆ ಎಂಟೂ ಹೋದವು. ಮೋಲಿಗೆ ಗಡಸು ನೀರೇ ಬೇಕು. ಸುಣ್ಣ ಕಡಿಮೆಯಾದ ನೀರಿನಲ್ಲಿ ಅದು ಹೀಗೇ ನಡುಗುತ್ತದೆ. ಮಿಕ್ಕ ಮೀನುಗಳು ಚೆನ್ನಾಗಿದ್ದು ಮೋಲಿ ಮಾತ್ರ ಹೋಗುತ್ತಿದೆ ಅಂದರೆ ರೋಗಕ್ಕಿಂತ ಮೊದಲು ನೀರನ್ನು ನೋಡಬೇಕು. ಮನೆಯವರು ಅದಕ್ಕೆ ವಯಸ್ಸಾಗಿರಬೇಕು ಅಂದುಕೊಂಡರು. ನನಗೆ ಹೇಳಲೂ ಇಲ್ಲ.

ದೀಪಾವಳಿ ಕಳೆದ ಮೇಲೆ ಗೋಲ್ಡ್ ಫಿಶ್‌ಗಳ ಸರದಿ. ಊಟಕ್ಕೆ ಓಡಿಬರುತ್ತಿದ್ದವು ತಳದಲ್ಲಿ ಕೂತವು. ಬಾಲದ ಅಂಚಿನಲ್ಲಿ ಕೆಂಪು ಎಳೆಗಳು, ಮೈಮೇಲೆ ತೆಳು ಲೋಳೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ ನೀಲಿ ಔಷಧಿ ಕೊಟ್ಟರು, ಮೆಥಿಲೀನ್ ಬ್ಲೂ. ಮೂರು ದಿನ ಹಾಕಿದ್ದಾಯಿತು. ಪ್ರತ್ಯೇಕ ತೊಟ್ಟಿಯಲ್ಲಿ ಒಂದೆರಡು ರೋಗಕ್ಕೆ ಅದು ಒಳ್ಳೆಯ ಔಷಧಿ. ಓಡುತ್ತಿರುವ ಟ್ಯಾಂಕಿಗೆ ಸುರಿದರೆ ಫಿಲ್ಟರಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ.

ಮೀನು ಸುಧಾರಿಸಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ನನಗೆ ಫೋನ್ ಮಾಡಿದರು. ನಾನು ಬೆಂಗಳೂರಿನಿಂದ ವಾಪಸಾಗುವ ಬಸ್ಸಿನಲ್ಲಿದ್ದೆ, ಹೊಸಕೋಟೆ ದಾಟಿತ್ತು, ಗದ್ದಲ. ಲಕ್ಷಣ ಕೇಳಿದೆ, ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾ ಏರಿರಬೇಕು ಅನ್ನಿಸಿತು. ಆ ಊಹೆ ಸರಿಯೇ ಇತ್ತು. "ಅರ್ಧ ನೀರು ತೆಗೆದು ಹೊಸ ನೀರು ಹಾಕಿ ಸಾರ್, ಗಾಳಿ ಮೋಟರ್ ಫುಲ್ ಇಡಿ, ನಾಳೆ ಬೆಳಿಗ್ಗೆ ಬರ್ತೀನಿ" ಅಂದೆ. ಅಮೋನಿಯಾ ಏರಿದಾಗ ಎಲ್ಲರೂ ಹೇಳುವ ಮೊದಲ ಮದ್ದು ಅದೇ, ಹತ್ತಕ್ಕೆ ಒಂಬತ್ತು ಸಲ ಸರಿಯೂ ಹೌದು. ಯಾವ ನೀರು ಅಂತ ನಾನು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಆ ಮನೆಯ ಟ್ಯಾಂಕ್ ಇನ್ನೂ ಬೋರ್ ನೀರಿನದು.

ಆ ರಾತ್ರಿ

ಫಿಲ್ಟರ್ ನೀರಿನ ಘಟಕದ ಮೋಟರ್ ಸುಟ್ಟು ಎರಡು ದಿನದಿಂದ ಬೀಗ ಬಿದ್ದಿತ್ತು. ನಾಲ್ಕು ಕ್ಯಾನ್ ಹೊರುವ ಬದಲು ಮೇಷ್ಟ್ರು ಸಂಪಿನಿಂದ ಪೈಪ್ ಹಾಕಿದರು. ಹಿಂದೆ ಒಂದೂವರೆ ವರ್ಷ ಅದೇ ನೀರಿನಲ್ಲಿ ಮೀನು ಚೆನ್ನಾಗಿದ್ದವಲ್ಲ. ಊರಿಂದ ಬಂದಿದ್ದ ಅವರ ತಮ್ಮ ಜೊತೆಗೆ ಕೈಹಾಕಿ ಹಳೆ ನೀರನ್ನು ಬಕೆಟ್ಟುಗಳಿಗೆ ತುಂಬಿಸಿ ಹಿತ್ತಲಿಗೆ ಸಾಗಿಸಿದ. ಮೀನಿನ ನೀರು ಗುಲಾಬಿ ಗಿಡಕ್ಕೆ ಒಳ್ಳೆಯದು ಅಂತ ಆ ಮನೆಯ ಅಮ್ಮ ಒಂದು ತೊಟ್ಟನ್ನೂ ಚೆಲ್ಲಲು ಬಿಡುವುದಿಲ್ಲ.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಏಳು ಗಂಟೆಗೆ ಮೀನುಗಳು ಮೇಲೆದ್ದು ಈಜಾಡುತ್ತಿದ್ದವು, ಎರಡು ಗೋಲ್ಡ್ ಫಿಶ್ ಊಟವನ್ನೂ ತಿಂದವು. "ನೀನು ಹೇಳಿದ್ದು ಸರಿ ಹೋಯ್ತಪ್ಪ" ಅಂತ ಮೇಷ್ಟ್ರು ಮೆಸೇಜ್ ಕಳಿಸಿದ್ದರು. ರಾತ್ರಿ ಹನ್ನೊಂದಕ್ಕೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಕಳೆಯತೊಡಗಿದವು. ಒಂದು ಶಾರ್ಕ್ ಗಾಜಿಗೆ ಢಿಕ್ಕಿ ಹೊಡೆಯುತ್ತಾ ಸುತ್ತಿತು. ಬೆಳಗಿನ ಜಾವದ ಹೊತ್ತಿಗೆ ಮೂರು ಏಂಜಲ್, ಎರಡೂ ಶಾರ್ಕ್, ಎರಡು ಗೋಲ್ಡ್ ಫಿಶ್ ಸತ್ತಿದ್ದವು.

ನಾನು ಏಳು ಗಂಟೆಗೆ ಹೋದಾಗ ಮನೆಯಲ್ಲಿ ಬೇರೆಯೇ ಬೆಂಕಿ ಹೊತ್ತಿಕೊಂಡಿತ್ತು. ತಮ್ಮನದು ಟೊಮ್ಯಾಟೊ ತೋಟ. ಹಿಂದಿನ ದಿನ ಬೆಳಿಗ್ಗೆ ಔಷಧಿ ಹೊಡೆಸಿ ಬಂದವನು. ಅದೇ ಕೈಯಲ್ಲಿ ಬಕೆಟ್ ಮುಟ್ಟಿದ, ಪೈಪ್ ಹಿಡಿದ, ಅದಕ್ಕೇ ಮೀನು ಸತ್ತವು ಅಂತ ಒಂದು ಮಾತು ಯಾರ ಬಾಯಿಂದಲೋ ಬಂದುಬಿಟ್ಟಿತ್ತು. ಆತ ಕಾಫಿಯನ್ನೂ ಮುಟ್ಟದೆ ಜಗುಲಿಯಲ್ಲಿ ಕೂತಿದ್ದ. ಮೊಮ್ಮಗಳು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅನುಮಾನದಲ್ಲಿ ಹುರುಳಿಲ್ಲ ಅಂತ ಹೇಳುವ ಹಾಗೂ ಇರಲಿಲ್ಲ. ಕೀಟನಾಶಕಗಳಲ್ಲಿ ಕೆಲವು ಮೀನಿಗೆ ತೀರಾ ಸಣ್ಣ ಪ್ರಮಾಣದಲ್ಲೇ ವಿಷ. ನಾನೂ ಒಂದು ಗಳಿಗೆ ಅದನ್ನೇ ನಂಬಿದೆ. ನಂಬಿದ್ದಿದ್ದರೆ ನನಗೂ ಅನುಕೂಲವಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಹಿತ್ತಲ ಬಕೆಟ್ಟಿನ ನೀರು

ಮೊದಲು ಬದುಕಿದ್ದ ನಾಲ್ಕರ ಗತಿ ನೋಡಬೇಕಿತ್ತು. ಹನಿ ಹಾಕಿ ನೋಡುವ ಕಿಟ್ ತೆಗೆದು ಟ್ಯಾಂಕ್ ನೀರು ಪರೀಕ್ಷಿಸಿದೆ. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ (7 ನಡು, ಕೆಳಗೆ ಆಮ್ಲ, ಮೇಲೆ ಕ್ಷಾರ), 8.0. ಒಟ್ಟು ಅಮೋನಿಯಾ 4 ಪಿಪಿಎಂ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ಅರ್ಧ ನೀರು ಬದಲಿಸಿದ ಮೇಲೂ ಇಷ್ಟಿದ್ದರೆ ಅದಕ್ಕೆ ಮುಂಚೆ ಎಷ್ಟಿರಬೇಕು? ಆಗ ಹಿತ್ತಲಿನ ಬಕೆಟ್ಟುಗಳು ನೆನಪಾದವು. ಗುಲಾಬಿಗೆ ಹಾಕಲು ಇಟ್ಟಿದ್ದ ಹಳೆ ನೀರು ಎರಡು ಬಕೆಟ್ ಹಾಗೇ ಇತ್ತು.

ಅದರ ಅಮೋನಿಯಾ 8 ಪಿಪಿಎಂ, ನನ್ನ ಕಿಟ್ಟಿನ ಕೊನೆಯ ಗಾಢ ಹಸಿರು. ಪಿಎಚ್ 6.0, ಅದೇ ಕಿಟ್ಟಿನ ಅತ್ಯಂತ ಕೆಳಗಿನ ಹಳದಿ. ಟಿಡಿಎಸ್ 190. ಕೋಲಾರದಲ್ಲಿ 190? "ಸಾರ್, ಇದು ಯಾವ ನೀರು?" ಅಂತ ಆಗ ಕೇಳಿದೆ. ಏಳು ತಿಂಗಳ ಕಥೆ ಆಗ ಹೊರಬಂತು. ನೋಟ್ ಬುಕ್ ಬಂತು.

ಏನಾಗಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಪ್ರಕರಣದ ತಿರುಳೇ ಅದು.

ಮೀನಿನ ಕಿವಿರು, ಹಿಕ್ಕೆ, ಮಿಕ್ಕ ಊಟ ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ಸ್ಪಾಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನೀರಿನೊಳಗಿನ ಕ್ಷಾರ, ಸುಣ್ಣಕಲ್ಲಿನ (ಕ್ಯಾಲ್ಸಿಯಂ ಕಾರ್ಬೊನೇಟ್) ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು ಏಳು ಗ್ರಾಂ ಖರ್ಚಾಗುತ್ತದೆ. ಆ ಕ್ಷಾರವೆಂದರೆ ಹೆಚ್ಚಾಗಿ ಬೈಕಾರ್ಬೊನೇಟ್, ಮೀನು ಸಾಕುವವರ ಬಾಯಲ್ಲಿ ಕೆಎಚ್. ಬೋರ್ ನೀರಿನ ಕೆಎಚ್ ನೋಡಿದರೆ 16 ಡಿಗ್ರಿ, ತುಂಬಿದ ಕಣಜ. ಕ್ಯಾನ್ ನೀರಿಗೆ ಮೊದಲ ಹನಿ ಹಾಕುತ್ತಲೇ ಬಣ್ಣ ತಿರುಗಿತು, ಅಂದರೆ ಒಂದು ಡಿಗ್ರಿಯೂ ಇಲ್ಲ.

ವಾರಕ್ಕೊಂದು ಕ್ಯಾನಿನಂತೆ ಮೇಷ್ಟ್ರು ಈ ಕಣಜವನ್ನೇ ಬರಿದು ಮಾಡುತ್ತಾ ಬಂದಿದ್ದರು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಡೆಯುವವರೇ ಇಲ್ಲದೆ ಪಿಎಚ್ ಜಾರಿತು. ಪಿಎಚ್ ಆರರ ಹತ್ತಿರ ಬಂದರೆ ಆ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಮೇಲೆ ನೀಲಿ ಔಷಧಿ ಬೇರೆ. ಅಮೋನಿಯಾ ಅಲ್ಲೇ ಗುಡ್ಡೆ ಬಿತ್ತು.

ಹಾಗಾದರೆ ಬಕೆಟ್ಟಿನ ನೀರಿನಲ್ಲಿ, 8 ಪಿಪಿಎಂ ಅಮೋನಿಯಾದಲ್ಲಿ, ಮೀನು ಅಷ್ಟು ದಿನ ಬದುಕಿದ್ದು ಹೇಗೆ? ಈ ಪ್ರಶ್ನೆ ಕೇಳಿದ್ದು ನಾನಲ್ಲ, ಮೇಷ್ಟ್ರು.

ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ಅಮೋನಿಯಂ, ವಿದ್ಯುದಂಶ ಹೊತ್ತದ್ದು, ಕಿವಿರನ್ನು ಸುಲಭವಾಗಿ ದಾಟಲಾರದು, ಬಹುಮಟ್ಟಿಗೆ ಸಾಧು. ಇನ್ನೊಂದು ಬರಿಯ ಅಮೋನಿಯಾ, ಕಿವಿರಿನ ಮೂಲಕ ನೇರ ರಕ್ತಕ್ಕೆ ಇಳಿಯುವ ವಿಷ. ಕಿಟ್ ಎರಡನ್ನೂ ಸೇರಿಸಿ ತೋರಿಸುತ್ತದೆ. ಯಾವುದು ಎಷ್ಟು ಅನ್ನುವುದನ್ನು ಮುಖ್ಯವಾಗಿ ಪಿಎಚ್ ತೀರ್ಮಾನಿಸುತ್ತದೆ, ಸ್ವಲ್ಪಮಟ್ಟಿಗೆ ಬಿಸಿ. ನೀರು 25 ಡಿಗ್ರಿ ಇದ್ದರೆ ಪಿಎಚ್ 6ರಲ್ಲಿ ವಿಷದ ಪಾಲು ಶೇ 0.06ಕ್ಕೂ ಕಡಿಮೆ. ಪಿಎಚ್ 7ರಲ್ಲಿ ಶೇ 0.6ರ ಹತ್ತಿರ. ಪಿಎಚ್ 8ರಲ್ಲಿ ಶೇ 5ಕ್ಕೂ ಮೇಲೆ.

ಲೆಕ್ಕವನ್ನು ಮೇಷ್ಟ್ರೇ ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ ಮಾಡಿದರು. ಶನಿವಾರ ಮಧ್ಯಾಹ್ನ, 8 ಪಿಪಿಎಂ, ಪಿಎಚ್ 6: ವಿಷ 0.0045. ಭಾನುವಾರ ಬೆಳಿಗ್ಗೆ, 4 ಪಿಪಿಎಂ, ಪಿಎಚ್ 8: ವಿಷ 0.21. ಅಮೋನಿಯಾ ಅರ್ಧಕ್ಕೆ ಇಳಿದಿತ್ತು, ವಿಷ ನಲವತ್ತೇಳು ಪಟ್ಟು ಏರಿತ್ತು. 0.05ರ ಆಸುಪಾಸಿನಲ್ಲೇ ಕಿವಿರು ಕೆಡತೊಡಗುತ್ತದೆ.

ಇನ್ನೊಂದು ಗಂಟು ಉಳಿದಿತ್ತು. ನೀರು ಹಾಕಿದ್ದು ಐದಕ್ಕೆ, ಏಳಕ್ಕೆ ಮೀನು ಲವಲವಿಕೆಯಿಂದಿತ್ತು, ಒದ್ದಾಟ ಶುರುವಾದದ್ದು ಹನ್ನೊಂದಕ್ಕೆ. ವಿಷದ ನೀರಾಗಿದ್ದರೆ ಆಗಲೇ ಯಾಕೆ ಸಾಯಲಿಲ್ಲ? ಸಂಪಿನಿಂದ ಆಗತಾನೇ ಎತ್ತಿದ ನೀರಿನ ಪಿಎಚ್ ನೋಡಿದೆ, 7.2. ಮಹಡಿಯ ಡ್ರಮ್ಮಿನಲ್ಲಿ ಶುಕ್ರವಾರ ತುಂಬಿಸಿಟ್ಟಿದ್ದ ಅದೇ ಬೋರ್ ನೀರಿನದು 8.2. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ಕೂತಿರುತ್ತದೆ. ಸೋಡಾ ಬಾಟಲಿ ತೆರೆದಿಟ್ಟಾಗ ಗ್ಯಾಸ್ ಹೋಗುವ ಹಾಗೆ, ಗಾಳಿಗೆ ಬಿದ್ದ ಮೇಲೆ ಅದು ಹೊರಟುಹೋಗಿ ಪಿಎಚ್ ಏರುತ್ತದೆ. ಟ್ಯಾಂಕಿನೊಳಗೂ ಹಾಗೇ ಗಂಟೆಗಂಟೆಗೂ ಏರಿತ್ತು. ಗಾಳಿ ಮೋಟರನ್ನು ಫುಲ್ ಇಡಿ ಅಂತ ನಾನು ಹೇಳಿದ್ದೆನಲ್ಲ, ಅದರಿಂದ ಇನ್ನೂ ಬೇಗ ಏರಿತು. ಟಿಡಿಎಸ್ 190ರಿಂದ ಒಂದೇ ಏಟಿಗೆ 600 ದಾಟಿದ ಆಘಾತವೂ ಜೊತೆಗಿತ್ತು.

ಜಗುಲಿಗೆ ಹೋಗಿ ತಮ್ಮನಿಗೆ ನಾನೇ ಹೇಳಿದೆ, "ಅಣ್ಣ, ನಿಮ್ಮ ಕೈಯಿಂದ ಆದದ್ದಲ್ಲ, ನನ್ನ ಮಾತಿನಿಂದ ಆದದ್ದು." ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಬಂದು ಅವರಿಗೂ ಹೇಳಪ್ಪ" ಅಂದ. ಹೇಳಿದೆ.

ಉಳಿದ ನಾಲ್ಕನ್ನು ಉಳಿಸಲು ನಡೆದ ಪ್ರಯತ್ನ

ಮುಂದೆ ಮೂರು ದಾರಿ ಇದ್ದವು. ಹಳೆ ನೀರನ್ನೇ ವಾಪಸ್ ಸುರಿದು ಪಿಎಚ್ ಇಳಿಸುವುದು. ಆದರೆ ಹದಿನಾಲ್ಕು ಹದಿನೈದು ಗಂಟೆಯಲ್ಲಿ ಎರಡನೇ ಆಘಾತ. ಟ್ಯಾಂಕಿಗೆ ಇನ್ನಷ್ಟು ಬೋರ್ ನೀರು ಹಾಕಿ ಅಮೋನಿಯಾ ತೆಳುಮಾಡುವುದು. ಆದರೆ ಹೊಸ ನೀರಿನ ಗ್ಯಾಸ್ ಕಳೆದಂತೆ ಪಿಎಚ್ ಮತ್ತೆ ಏರಿಳಿತ. ಮೂರನೆಯದನ್ನು ಆರಿಸಿದೆ. ಮಹಡಿಯ ಡ್ರಮ್ಮಿನ ನೀರು ಎರಡು ರಾತ್ರಿ ನಿಂತು ತಣಿದಿತ್ತು, ಕ್ಲೋರಿನ್ ಇಲ್ಲ, ಅಮೋನಿಯಾ ಸೊನ್ನೆ, ಪಿಎಚ್ ಹೆಚ್ಚುಕಡಿಮೆ ಟ್ಯಾಂಕಿನಷ್ಟೇ. ಬಟ್ಟೆ ನೆನೆಸುವ ದೊಡ್ಡ ಟಬ್ಬನ್ನು ಸೋಪಿಲ್ಲದೆ ತೊಳೆದು, ಆ ನೀರು ತುಂಬಿ, ಏರ್ ಸ್ಟೋನ್ ಹಾಕಿ, ಅರ್ಧ ಗಂಟೆ ಲೋಟದಲ್ಲಿ ನೀರು ಬೆರೆಸುತ್ತಾ ನಾಲ್ಕನ್ನೂ ಸಾಗಿಸಿದೆವು. ಎರಡು ದಿನ ಊಟ ಹಾಕಲಿಲ್ಲ. ಮೂರನೆಯ ದಿನ ಒಂದು ಗೋಲ್ಡ್ ಫಿಶ್ ಹೋಯಿತು. ಎರಡು ಗೋಲ್ಡ್ ಫಿಶ್, ಒಂದು ಸಕ್ಕರ್ ಉಳಿದವು.

ಟ್ಯಾಂಕನ್ನು ಮತ್ತೆ ಕಟ್ಟಿದ ಕೆಲಸ ಆರು ವಾರದ್ದು, ಅದರಲ್ಲಿ ಹೆಚ್ಚಿನದು ಕಾಯುವುದೇ. ಯಾವ ನೀರು ಹಾಕಬೇಕು ಅನ್ನುವುದಕ್ಕೆ ವಾದ ನಡೆಯಿತು. ಪೂರ್ತಿ ಬೋರ್ ನೀರಿಗೆ ಮರಳಬಹುದಿತ್ತು, ಗೋಲ್ಡ್ ಫಿಶ್‌ಗೆ ಅದು ಒಗ್ಗುತ್ತದೆ. ಆದರೆ ಪಿಎಚ್ 8.2ರಲ್ಲಿ ಒಂದಿಷ್ಟು ಅಮೋನಿಯಾ ಜಾಸ್ತಿಯಾದರೂ ಅಪಾಯ, ಗಾಜಿನ ಗೆರೆ ಬೇರೆ. ಕೊನೆಗೆ ಒಂದು ಕ್ಯಾನ್ ಫಿಲ್ಟರ್ ನೀರಿಗೆ ಹತ್ತು ಲೀಟರಿನ ಒಂದು ಬಿಂದಿಗೆ ಬೋರ್ ನೀರು ಅಂತ ತೀರ್ಮಾನವಾಯಿತು. ಎರಡಕ್ಕೆ ಒಂದು. ಟಿಡಿಎಸ್ 380ರ ಸುತ್ತ, ಕೆಎಚ್ ಐದಕ್ಕೆ ಕಡಿಮೆ ಇಲ್ಲ, ಪಿಎಚ್ 7.6. ಒಟ್ಟು 30 ಲೀಟರ್ ಆಯಿತು, ವಾರದ ಬದಲಾವಣೆಗೆ ಅಳತೆ ಮಾಡಿಸಿದಂತಿತ್ತು. ಬಿಂದಿಗೆ ನೀರನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಿಂದ ತೆಗೆದಿಡಬೇಕು.

ಬೋರ್ ನೀರೇ ಸಿಗದವರು ಆರ್‌ಒ ನೀರಿಗೆ ಅಡುಗೆ ಸೋಡಾ ಹಾಕಿ ಕೆಎಚ್ ಏರಿಸಬಹುದು. ನೂರು ಲೀಟರಿಗೆ ಮೂರು ಗ್ರಾಂ ಹಾಕಿದರೆ ಸುಮಾರು ಒಂದು ಡಿಗ್ರಿ ಏರುತ್ತದೆ. ಸುಣ್ಣ ಮಾತ್ರ ಅದರಿಂದ ಬರುವುದಿಲ್ಲ, ಅದಕ್ಕೆ ಕಪ್ಪೆಚಿಪ್ಪಿನ ಚೂರುಗಳನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಬೇಕು. ಹಳೆ ಟ್ಯಾಂಕಿಗೆ, ಅಮೋನಿಯಾ ನೋಡದೆ, ಸೋಡಾ ಹಾಕಿದರೆ ಮೇಲಿನ ರಾತ್ರಿಯೇ ಮತ್ತೆ ನಡೆಯುತ್ತದೆ.

ಸ್ಪಾಂಜನ್ನು ಎಸೆದು, ನನ್ನ ಮನೆಯ ಟ್ಯಾಂಕಿನಲ್ಲಿ ಓಡುತ್ತಿದ್ದ ಸ್ಪಾಂಜ್ ತಂದು ಕೂರಿಸಿದೆ. ಬ್ಯಾಕ್ಟೀರಿಯಾದ ಹೆಪ್ಪು ಅಂತ ತಿಳಿದುಕೊಳ್ಳಿ. ಆದರೂ ಹನ್ನೊಂದನೆಯ ದಿನ ನೈಟ್ರೈಟ್ ಕಾಣಿಸಿಕೊಂಡು 1 ಪಿಪಿಎಂ ಮುಟ್ಟಿತು. ನೈಟ್ರೈಟ್ ರಕ್ತವನ್ನು ಕಂದು ಮಾಡಿ ಆಮ್ಲಜನಕ ಹೊರದಂತೆ ಮಾಡುತ್ತದೆ. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಹಾಕಿದೆವು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಾಯಿಸುತ್ತಾ ಬಂದೆವು. ಇಪ್ಪತ್ತನೆಯ ದಿನ ಸೊನ್ನೆ. ಆಮೇಲೂ ಮೂರು ವಾರ ಹೊಸ ಮೀನು ತರಬಾರದು ಅಂದಾಗ ಮೊಮ್ಮಗಳು ನನ್ನ ಮೇಲೆ ಮುನಿಸಿಕೊಂಡಳು. ಮೇಷ್ಟ್ರು ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಸುತ್ತು ಹಾಕಿಕೊಟ್ಟರು, ಅವಳು ದಿನಾ ಒಂದೊಂದು ಕಾಟು ಹಾಕಿದಳು.

ಈಗ ನಾನು ಬೇರೆ ಥರ ಮಾಡುವ ಕೆಲಸಗಳು

ಮೀನು ಮಂಕಾಗಿದೆ ಅಂತ ಯಾರು ಫೋನ್ ಮಾಡಿದರೂ ಮೊದಲ ಪ್ರಶ್ನೆ, ಟ್ಯಾಂಕಿನಲ್ಲಿರುವುದು ಯಾವ ನೀರು, ಹಾಕಲು ಹೊರಟಿರುವುದು ಯಾವ ನೀರು? ಎರಡೂ ಬೇರೆಯಾಗಿದ್ದರೆ ಅರ್ಧ ನೀರಿನ ಮಾತೇ ಇಲ್ಲ. ಆವತ್ತು ಮೇಷ್ಟ್ರು ಹಾಕಲು ಹೊರಟಿರುವುದು ಬೋರ್ ನೀರು, ಟ್ಯಾಂಕಿನಲ್ಲಿರುವುದು ಕ್ಯಾನ್ ನೀರು ಅಂತ ನನಗೆ ಗೊತ್ತಿದ್ದಿದ್ದರೆ, ಊಟ ನಿಲ್ಲಿಸಿ ಅಂದು, ಕ್ಯಾನ್ ನೀರು ಸಿಗುವತನಕ ಕೈ ಹಾಕಬೇಡಿ ಅನ್ನುತ್ತಿದ್ದೆ. ಸಿಕ್ಕ ಮೇಲೆ ಅದೇ ನೀರಿನಲ್ಲಿ ಅಮೋನಿಯಾವನ್ನು ಮೂರು ದಿನ ತೆಳುಮಾಡಿ, ಕಿಟ್ ಕೆಳಗಿಳಿದದ್ದು ಕಂಡ ಮೇಲೆ ದಿನಕ್ಕೆ ಅರ್ಧ ಬಿಂದಿಗೆಯಂತೆ ಬೋರ್ ನೀರು ಕೊಟ್ಟು ವಾರದಲ್ಲಿ ಪಿಎಚ್ ಏರಿಸುತ್ತಿದ್ದೆ. ಹನ್ನೊಂದೂ ಬದುಕುತ್ತಿದ್ದವು ಅನ್ನಲಾರೆ, ಆ ಗೋಲ್ಡ್ ಫಿಶ್‌ಗಳ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಏಂಜಲ್‌ಗಳು ಬದುಕುತ್ತಿದ್ದವು.

ಚೀಲದಲ್ಲಿ ಕೆಎಚ್ ಬಾಟಲಿ ಇಲ್ಲದೆ ಈಗ ಯಾರ ಮನೆಗೂ ಹೋಗುವುದಿಲ್ಲ. ಐದು ಮಿಲಿಲೀಟರ್ ನೀರು, ಬಣ್ಣ ತಿರುಗುವ ತನಕ ಹನಿ ಎಣಿಸುವುದು, ಹನಿಗೆ ಒಂದು ಡಿಗ್ರಿ, ಒಂದು ನಿಮಿಷದ ಕೆಲಸ. ನಾಲ್ಕು ಹನಿಗಿಂತ ಮೊದಲೇ ಬಣ್ಣ ತಿರುಗಿದರೆ ಮನೆಯವರ ಜೊತೆ ಕೂತು ಮಾತಾಡುತ್ತೇನೆ. ಟಿಡಿಎಸ್ ಮೀಟರ್ ಬಗ್ಗೆ ನನಗೆ ಜಗಳವಿಲ್ಲ, ನೀರಿನಲ್ಲಿ ಎಷ್ಟು ಕರಗಿದೆ ಅನ್ನುವುದನ್ನು ಅದು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತದೆ. ಕರಗಿರುವುದು ಬೈಕಾರ್ಬೊನೇಟೋ ಹಿಕ್ಕೆಯೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೊನೆಕೊನೆಗೆ ಆ 190ರಲ್ಲಿ ಬಹುಪಾಲು ಮೀನಿನ ಗಲೀಜೇ ಇತ್ತು.

ತೆಗೆದ ನೀರಿನಲ್ಲಿ ಒಂದು ಬಾಟಲಿಯನ್ನು ಮರುದಿನದ ತನಕ ಇಡಿ ಅಂತಲೂ ಎಲ್ಲ ಮನೆಗಳಿಗೆ ಹೇಳಿದ್ದೇನೆ. ಆ ಬಕೆಟ್ಟುಗಳು ಹಿತ್ತಲಲ್ಲಿ ಇಲ್ಲದಿದ್ದರೆ ಟ್ಯಾಂಕಿನ 4 ಪಿಪಿಎಂ ನೋಡಿ ನಾನು ಇನ್ನಷ್ಟು ಬೋರ್ ನೀರು ಸುರಿಸುತ್ತಿದ್ದೆ, ತಮ್ಮನ ತಲೆಯ ಮೇಲಿನ ಮಾತೂ ಇಳಿಯುತ್ತಿರಲಿಲ್ಲ.

ಸುತ್ತು ಹಾಕಿದ ತಾರೀಖಿಗೆ ಆರು ಮೋಲಿ ತಂದೆವು. ಶಿವರಾತ್ರಿಯ ಹೊತ್ತಿಗೆ ಮರಿಗಳಾದವು, ನೋಟ್ ಬುಕ್ಕಿನಲ್ಲಿ 23 ಅಂತಿದೆ. ಅಷ್ಟನ್ನು ಸಾಕುವ ಜಾಗ ಅಲ್ಲಿಲ್ಲ. ಅರ್ಧ ಮರಿಗಳನ್ನು ತೋಟದ ಸಿಮೆಂಟ್ ತೊಟ್ಟಿಗೆ ಒಯ್ಯಲು ತಮ್ಮನೇ ಬಂದಿದ್ದ. ಮೊಮ್ಮಗಳು ಬಾಗಿಲಲ್ಲೇ ತಡೆದು, "ಚಿಕ್ಕ ತಾತ, ಕೈ ತೊಳ್ಕೊಂಡ್ರಾ?" ಅಂದಳು. ಆತ ನಗುತ್ತಾ ಎರಡು ಸಲ ತೊಳೆದುಕೊಂಡು ಬಂದ. ಬಲೆ ಹಿಡಿಯುವ ಮುಂಚೆ ನನ್ನ ಕಡೆ ತಿರುಗಿ, "ನಮ್ಮ ತೊಟ್ಟಿದೂ ಬೋರ್ ನೀರೇ, ಒಂದು ಬಾಟಲಿ ತಂದಿದ್ದೀನಿ, ಹನಿ ಹಾಕಿ ನೋಡು" ಅಂದ. ಹದಿನೆಂಟು ಹನಿ ಬಿತ್ತು.